ಬೇಸಿಗೆಯಲ್ಲಿ ಹುಲ್ಲು ಕೊಳೆಯುವುದು ಯಾಕೆ? ಗಾಲ್ಫ್ ಮೈದಾನದ ನೀರಿನ ಲೆಕ್ಕ ತುಬಚಿ ಸೀಮೆಗೂ ಬೇಕು

ತುಬಚಿ (ಜಮಖಂಡಿ): ಗಾಲ್ಫ್ ಅಂದ ಕೂಡಲೇ ಈ ಭಾಗದ ಮಂದಿಗೆ ನೆನಪಾಗುವುದು ಚಿರತೆ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನ ಹೊಕ್ಕ ಚಿರತೆ ವಾರಗಟ್ಟಲೆ ಕೈಗೆ ಸಿಗಲಿಲ್ಲ. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆ ತರಿಸಿದರು. ಅದನ್ನು ಟಿವಿಯಲ್ಲಿ ನೋಡದವರೇ ಇಲ್ಲ.

ಆ ಮೈದಾನದ ಹುಲ್ಲಿನ ಬಗ್ಗೆ ಮಾತ್ರ ಆಗ ಯಾರೂ ಮಾತಾಡಲಿಲ್ಲ. ಆದರೆ ಬಿಸಿಲು 40 ಡಿಗ್ರಿ ಹತ್ತಿರ ಬಂದು, ಕೃಷ್ಣಾ ನದಿ ತಳ ಕಾಣುವ ಹೊತ್ತಿಗೆ, ಗಾಲ್ಫ್ ಹುಲ್ಲು ಸಾಕುವವರ ಕೆಲಸ ಸ್ವಲ್ಪ ತಿಳಿದುಕೊಂಡರೆ ತಾಲೂಕಿನ ಕಬ್ಬು ಬೆಳೆಗಾರರಿಗೆ, ಗೊಬ್ಬರದ ಅಂಗಡಿಯವರಿಗೆ, ಲಾನ್ ಮಾಡಿಸಿ ಕೈ ಸುಟ್ಟುಕೊಂಡ ಮಂಗಲ ಕಾರ್ಯಾಲಯದವರಿಗೆ ಎಲ್ಲರಿಗೂ ಒಂದು ಲೆಕ್ಕ ಸಿಗುತ್ತದೆ. ಸಾಕಿದ ಹುಲ್ಲು ಬರೀ ಬಿಸಿಲಿಗೆ ಸಾಯುವುದು ಕಡಿಮೆ. ಬಿಸಿಲಿಗೆ ಹೆದರಿ ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟ ನೀರಿಗೆ, ಬಸಿದು ಹೋಗದೆ ಬೇರಿನಲ್ಲೇ ನಿಂತ ನೀರಿಗೆ ಸಾಯುವುದೇ ಹೆಚ್ಚು.

ಕಿತ್ತೊಗೆಯುವ ಕರಿಕಿಯೇ ಗಾಲ್ಫ್ ಹುಲ್ಲು

ಗಾಲ್ಫ್ ಮೈದಾನದಲ್ಲಿ ಬೆಳೆಸುವುದು ಏನೋ ವಿಲಾಯತಿ ಹುಲ್ಲು ಅಂತ ಬಹಳ ಮಂದಿ ತಿಳಿದಿದ್ದಾರೆ. ನಮ್ಮ ಉಷ್ಣ ಪ್ರದೇಶದ ಮೈದಾನಗಳಲ್ಲಿ ಹೆಚ್ಚಾಗಿ ಇರುವುದು ಕರಿಕಿ. ಗಣಪತಿಗೆ ಏರಿಸುವ, ಎರಿ ಹೊಲದಲ್ಲಿ ಎಷ್ಟು ಹರಗಿದರೂ ಮತ್ತೆ ಚಿಗುರುವ ಅದೇ ಗರಿಕೆ. ಅಂಗಡಿಯಲ್ಲಿ ಇದನ್ನು 'ಬರ್ಮುಡಾ ಗ್ರಾಸ್' ಅಂತ ಮಾರುತ್ತಾರೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದವರು ಈ ಕರಿಕಿಯನ್ನು ಆಫ್ರಿಕಾದ ಇನ್ನೊಂದು ಜಾತಿಯ ಜೊತೆ ಕೂಡಿಸಿ 1960ರಲ್ಲಿ 'ಟಿಫ್‌ವೇ', 1965ರಲ್ಲಿ ಗಿಡ್ಡ ಜಾತಿಯ 'ಟಿಫ್‌ಡ್ವಾರ್ಫ್' ಹೊರಗೆ ತಂದರು. ಊರಿನ ಹೆಸರಿನ ಮೊದಲ ಅಕ್ಷರಗಳೇ ಹುಲ್ಲಿನ ಹೆಸರಾದವು. ಇವು ಬೀಜ ಕಟ್ಟುವುದಿಲ್ಲ. ಕಬ್ಬಿನ ಹಾಗೆ ತುಂಡು ನೆಟ್ಟೇ ಹಬ್ಬಿಸಬೇಕು.

ಇಂಗ್ಲೆಂಡಿನ ತಂಪು ಹುಲ್ಲು 30 ಡಿಗ್ರಿ ದಾಟಿದರೆ ಸೊರಗುತ್ತದೆ. ಕರಿಕಿ 27ರಿಂದ 35 ಡಿಗ್ರಿಯಲ್ಲೇ ಹುರುಪಿನಿಂದ ಬೆಳೆಯುತ್ತದೆ. ನೀರು ಪೂರ್ತಿ ನಿಂತರೂ ಮೇಲಿನ ಎಲೆ ಒಣಗಿ ಹಳದಿಯಾಗುತ್ತದೆ, ಒಳಗಿನ ಗಂಟು ಜೀವ ಹಿಡಿದಿರುತ್ತದೆ. ಮೊದಲ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಮತ್ತೆ ಹಸಿರು. ಹಾಗಿದ್ದಾಗ ಇಂಥ ಗಟ್ಟಿ ಹುಲ್ಲಿಗೂ ಬೇಸಿಗೆಯಲ್ಲಿ ರೋಗ ಯಾಕೆ?

ಕಾರಣ ಕತ್ತರಿ. ಗಾಲ್ಫ್ ಆಟದಲ್ಲಿ ಕುಳಿಯ ಸುತ್ತ ಇರುವ 'ಗ್ರೀನ್' ಎಂಬ ಜಾಗದ ಹುಲ್ಲನ್ನು 3–4 ಮಿಲಿಮೀಟರ್‌ಗೆ ಕತ್ತರಿಸುತ್ತಾರೆ. ಚೆಂಡು ಗಾಜಿನ ಮೇಲೆ ಉರುಳಿದ ಹಾಗೆ ಉರುಳಬೇಕು. ಎಲೆ ಅಷ್ಟು ಗಿಡ್ಡ ಆದರೆ ಗಿಡ ಮಾಡಿಕೊಳ್ಳುವ ಊಟವೂ ಕಡಿಮೆ, ಬೇರೂ ಗಿಡ್ಡ. ಬೇರು ಗಿಡ್ಡ ಆದ ಮೇಲೆ ದಿನಾ ನೀರು ಬೇಕು. ದಿನಾ ನೀರು ಬಿದ್ದಲ್ಲಿ ರೋಗಕ್ಕೆ ದಾರಿ.

ಒಂದೇ ರಾತ್ರಿಯಲ್ಲಿ ಬರುವ ರೋಗ

ಯಾವ ಬೆಳೆಗಾದರೂ ರೋಗ ಬರಬೇಕಾದರೆ ಮೂರು ಕೂಡಬೇಕು: ಸೊರಗಿದ ಗಿಡ, ರೋಗದ ಬೀಜಾಣು, ಅದಕ್ಕೆ ಒಗ್ಗುವ ಹವೆ. ಬೀಜಾಣು ಮಣ್ಣಿನಲ್ಲಿ ಯಾವಾಗಲೂ ಇರುತ್ತದೆ. ಹವೆ ಮನುಷ್ಯರ ಕೈಯಲ್ಲಿಲ್ಲ. ಕೈಯಲ್ಲಿ ಇರುವುದು ಗಿಡದ ಆರೋಗ್ಯ, ಮತ್ತು ಎಲೆ ಎಷ್ಟು ತಾಸು ತೊಯ್ದಿರಬೇಕು ಅನ್ನುವುದು.

ಗಾಲ್ಫ್ ಮೈದಾನದವರು ಹೆಚ್ಚು ಹೆದರುವುದು 'ಪಿಥಿಯಮ್' ರೋಗಕ್ಕೆ. ಹಗಲು 30 ಡಿಗ್ರಿ ಮೇಲೆ, ರಾತ್ರಿಯೂ 20 ಡಿಗ್ರಿ ಕೆಳಗೆ ಇಳಿಯದ ಸೆಕೆ, ಅದರ ಮೇಲೆ ಹತ್ತು ಹನ್ನೆರಡು ತಾಸು ಎಲೆ ಹಸಿ ಇದ್ದರೆ ರಾತ್ರಿ ಬೆಳಗಾಗುವುದರೊಳಗೆ ಹುಲ್ಲು ಎಣ್ಣೆ ಬಿದ್ದಂತೆ ಕಪ್ಪಾಗಿ ನೆಲಕ್ಕೆ ಅಂಟುತ್ತದೆ. ಮುಂಜಾನೆ ನೋಡಿದರೆ ಮೇಲೆ ಹತ್ತಿಯ ಎಳೆಯಂಥ ಬಿಳಿ ಬಲೆ. ನೀರು ಹರಿದ ದಾರಿಯಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಗಾಲಿ ಓಡಿದ ದಾರಿಯಲ್ಲಿ ರೋಗವೂ ಓಡುತ್ತದೆ.

ತೇರದಾಳ, ರಬಕವಿ-ಬನಹಟ್ಟಿ ಕಡೆಯ ಅರಿಸಿನ ಬೆಳೆಗಾರರಿಗೆ ಈ ರೋಗದ ಅಣ್ಣತಮ್ಮಂದಿರು ಹೊಸಬರಲ್ಲ. ಅರಿಸಿನದ ಗಡ್ಡೆ ಕೊಳೆ ರೋಗ ತರುವುದೂ ಇದೇ ಪಿಥಿಯಮ್ ಕುಲ. ಅಲ್ಲೂ ನೀರು ನಿಂತ ಮಡಿಯಿಂದಲೇ ರೋಗ ಶುರು.

ಇದಲ್ಲದೆ ದುಂಡಗೆ ಕಂದು ಕಲೆ ಬೀಳುವ 'ಬ್ರೌನ್ ಪ್ಯಾಚ್', ರೂಪಾಯಿ ನಾಣ್ಯದಷ್ಟು ಸಣ್ಣ ಕಲೆಯ 'ಡಾಲರ್ ಸ್ಪಾಟ್', ಎಲೆ ಚುಕ್ಕೆ ರೋಗ ಇವೆ. ಡಾಲರ್ ಸ್ಪಾಟ್ ಸಾರಜನಕ ಕಡಿಮೆ ಬಿದ್ದ ಹುಲ್ಲಿಗೆ ಬರುತ್ತದೆ. ಪಿಥಿಯಮ್, ಬ್ರೌನ್ ಪ್ಯಾಚ್ ಯೂರಿಯಾ ಹೆಚ್ಚು ತಿಂದು ಮೆತ್ತಗಾದ ಹುಲ್ಲನ್ನು ಹುಡುಕಿ ಬರುತ್ತವೆ. ಹಾಗಾಗಿ 'ಹುಲ್ಲು ಹಳದಿ ಆಗೇತಿ, ಯೂರಿಯಾ ಕೊಡ್ರಿ' ಅನ್ನುವ ಒಂದೇ ಮಾತು ಎಲ್ಲ ಕಡೆ ನಡೆಯುವುದಿಲ್ಲ.

ಬಾಡಿದ್ದೆಲ್ಲ ಬಾಯಾರಿಕೆ ಅಲ್ಲ

ಇಲ್ಲಿಯೇ ಬಹಳ ಮಂದಿ ತಪ್ಪುವುದು. ನೀರಡಿಸಿದ ಹುಲ್ಲಿಗೆ ಗುರುತು ಇದೆ. ಬಣ್ಣ ನೀಲಿ ಬೂದಿಗೆ ತಿರುಗುತ್ತದೆ. ಮೇಲೆ ನಡೆದರೆ ಹೆಜ್ಜೆ ಗುರುತು ಹಾಗೇ ಉಳಿಯುತ್ತದೆ. ನೀರು ಕೊಟ್ಟ ಸ್ವಲ್ಪ ಹೊತ್ತಿಗೆ ಚೇತರಿಸುತ್ತದೆ.

ಇನ್ನೊಂದು ಬಾಡುವಿಕೆ ಬೇರೆ. ನೆಲ ಹಸಿ ಇದೆ, ಕೈಯಲ್ಲಿ ಹಿಂಡಿದರೆ ಮಣ್ಣು ಅಂಟುತ್ತದೆ, ಆದರೂ ಮಧ್ಯಾಹ್ನ ಎಲೆ ಬಾಡುತ್ತದೆ. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿಕೊಂಡರೆ ಗಾಳಿ ಇಲ್ಲದೆ ಬೇರು ಉಸಿರುಕಟ್ಟುತ್ತದೆ. ನೀರಿನ ನಡುವೆ ನಿಂತೇ ನೀರು ಎಳೆಯಲು ಆಗುವುದಿಲ್ಲ. ಬಿಸಿಲಿಗೆ ಕಾದ ನೀರು ಆದರಂತೂ ಬೇರು ಬೆಂದ ಹಾಗೆ. ನೋಡಿದವರು 'ಬಿಸಲಿಗೆ ಬಾಡೇತಿ, ಇನ್ನೊಂದ ಸಲ ನೀರ ಬಿಡು' ಅನ್ನುತ್ತಾರೆ. ಅದು ಮುಳುಗುವವನ ಬಾಯಿಗೆ ನೀರು ಬಿಟ್ಟಂತೆ.

ಗಾಲ್ಫ್ ಮೈದಾನದವರು ನೀರು ಬಿಡುವ ಮೊದಲು ನೆಲಕ್ಕೆ ಸಣ್ಣ ಕೊಳವೆ ಚುಚ್ಚಿ ಮಣ್ಣು ಎತ್ತಿ ನೋಡುತ್ತಾರೆ. ತಾಲೂಕಿನ ರೈತನಿಗೆ ಕೊಳವೆ ಬೇಕಿಲ್ಲ, ಒಂದು ಸಲಿಕೆ ಸಾಕು.

ಅವರು ಮಾಡುವ ಐದು ಕೆಲಸ

ಒಂದು, ಬಸಿಯುವ ನೆಲ. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಹೊರಡಿಸಿದ ಪದ್ಧತಿಯಂತೆ ಗ್ರೀನ್ ಕಟ್ಟುವಾಗ ತಳದಲ್ಲಿ ತೂತಿನ ಪೈಪು, ಅದರ ಮೇಲೆ ಸುಮಾರು 10 ಸೆಂ.ಮೀ. ಕಡಿ, ಅದರ ಮೇಲೆ 30 ಸೆಂ.ಮೀ. ಮರಳು ಮಿಶ್ರಣ. ಹುಲ್ಲು ನಿಲ್ಲುವುದು ಇದರ ಮೇಲೆ. ನೀರು ಎಷ್ಟು ಬಿದ್ದರೂ ಕೆಳಗೆ ಹೋಗಲೇಬೇಕು. ವರ್ಷಕ್ಕೆ ಒಂದೆರಡು ಸಲ ನೆಲಕ್ಕೆ ತೂತು ಹೊಡೆದು ಮರಳು ತುಂಬುತ್ತಾರೆ.

ಎರಡು, ನೀರಿನ ಹೊತ್ತು. ನಸುಕಿನಲ್ಲಿ ನೀರು, ಸೂರ್ಯ ಏರಿದ ಮೇಲೆ ಎಲೆ ಒಣಗಬೇಕು. ಸಂಜೀಮುಂದ ನೀರು ಹೊಡೆದರೆ ರಾತ್ರಿಯಿಡೀ ಎಲೆ ತೊಯ್ದು ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಮುಂಜಾನೆ ಇಬ್ಬನಿಯನ್ನೂ ಮಾಲಿಗಳು ಉದ್ದ ಬಿದಿರು ಗಳದಿಂದ ಸವರಿ ಉದುರಿಸುತ್ತಾರೆ. ಎಲೆ ಎರಡು ತಾಸು ಬೇಗ ಒಣಗಿದರೂ ಲಾಭವೇ.

ಮೂರು, ಕತ್ತರಿ ಮೇಲೆ ಎತ್ತುವುದು. ಬಿರುಬೇಸಿಗೆಯಲ್ಲಿ ಹುಲ್ಲನ್ನು ಸ್ವಲ್ಪ ಎತ್ತರ ಬಿಡುತ್ತಾರೆ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸುವುದಿಲ್ಲ. ಬ್ಲೇಡ್ ಮೊಂಡ ಇದ್ದರೆ ಎಲೆ ಹರಿಯುತ್ತದೆ, ಹರಿದ ಗಾಯದಿಂದ ರೋಗ ಒಳಗೆ.

ನಾಲ್ಕು, ಗೊಬ್ಬರ ಸಣ್ಣ ಸಣ್ಣ ಕಂತಿನಲ್ಲಿ. ಸೆಕೆ ಮತ್ತು ಹಸಿ ಕೂಡಿದ ದಿನಗಳಲ್ಲಿ ಯೂರಿಯಾ ನಿಲ್ಲಿಸಿ, ಬಿಸಿಲು ತಡೆಯಲು ಪೊಟ್ಯಾಷ್ ನೋಡಿಕೊಳ್ಳುತ್ತಾರೆ.

ಐದು, ಔಷಧ ಕಡೆಗೆ. ಅದೂ ಯಾವ ರೋಗ ಅಂತ ಗುರುತಿಸಿದ ಮೇಲೆ.

2024ರ ಬರ ಕಲಿಸಿದ್ದು

2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಅದೇ ತಿಂಗಳು ಐಪಿಎಲ್. 'ಕುಡಿಯಾಕ ನೀರಿಲ್ಲ, ಆಟದ ಹುಲ್ಲಿಗೆ ನೀರ ಹೆಂಗ?' ಅಂತ ಮಂದಿ ಕೇಳಿದ್ದು ಸರಿಯೇ ಇತ್ತು.

ಸಿಕ್ಕ ದಾರಿ ಏನೆಂದರೆ, ಕಬ್ಬನ್ ಪಾರ್ಕ್ ಘಟಕದಲ್ಲಿ ಶುದ್ಧ ಮಾಡಿದ ಕೊಳಚೆ ನೀರು ದಿನಕ್ಕೆ 75,000 ಲೀಟರ್ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕೊಡುವುದು. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ಅಂದರೆ ಸುಮಾರು 4,000 ಲೀಟರ್. ಆಟದ ಅಂಗಳ ನಾಲ್ಕು ಎಕರೆ ಅಂತ ಹಿಡಿದರೆ 75,000 ಲೀಟರ್ ದಿನಕ್ಕೆ ನಾಲ್ಕೂವರೆ ಮಿ.ಮೀ. ಮೇಲಷ್ಟು. ಬಿರುಬೇಸಿಗೆಯಲ್ಲಿ ಕರಿಕಿ ಹುಲ್ಲು ದಿನಕ್ಕೆ ಆವಿ ಮಾಡುವುದು ಸುಮಾರು 4ರಿಂದ 6 ಮಿ.ಮೀ. ಅಂದರೆ ಹುಲ್ಲಿಗೆ ಬೇಕಾದಷ್ಟೇ, ಅಳತೆ ಮಾಡಿ ಕೊಟ್ಟ ನೀರು. ಅದೇ ಅಂಗಳದ ಕೆಳಗೆ ನೀರು ಎಳೆದು ಹೊರಹಾಕುವ 'ಸಬ್‌ಏರ್' ಯಂತ್ರವೂ ಇದೆ. ಅದು ಮೊದಲು ಹುಟ್ಟಿದ್ದು ಗಾಲ್ಫ್ ಮೈದಾನಕ್ಕಾಗಿ.

ಗಾಲ್ಫ್ ಮೈದಾನಗಳ ಮೇಲೆ ತಕರಾರು ಇಲ್ಲದಿಲ್ಲ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಊರ ನಡುವೆ ಇದೆ. ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಇರುವುದು ಒಂದು ಕಾಲದ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ನೂರಾರು ಎಕರೆ ಹಸಿರು ಕೆಲವರ ಆಟಕ್ಕೆ ಅನ್ನುವ ಮಾತು ಸುಳ್ಳಲ್ಲ. ಆದರೆ ನೀರು ಕಡಿಮೆ ಬಿದ್ದಾಗ ಅವರು ಹಂಚುವ ರೀತಿ ನೋಡುವಂಥದ್ದು. ಹದಿನೆಂಟು ಗ್ರೀನ್ ಎಲ್ಲ ಸೇರಿಸಿದರೂ ಎರಡೂವರೆ ಎಕರೆ ಆಸುಪಾಸು. ಮೊದಲ ನೀರು ಅದಕ್ಕೆ. ಉಳಿದದ್ದು ಚೆಂಡು ಓಡುವ ದಾರಿಗೆ. ಅಂಚಿನ ಎತ್ತರದ ಹುಲ್ಲನ್ನು ಹಳದಿಯಾಗಲು ಬಿಟ್ಟುಬಿಡುತ್ತಾರೆ, ಮಳೆಗೆ ತಾನಾಗಿ ಚಿಗುರುತ್ತದೆ ಅಂತ ಗೊತ್ತಿರುವುದರಿಂದ. ಹಿಂದೆ ಒಣ ಸೀಮೆಯ ಎಷ್ಟೋ ಮೈದಾನಗಳಲ್ಲಿ ಗ್ರೀನ್‌ಗೆ ಹುಲ್ಲೇ ಇರಲಿಲ್ಲ. ಮರಳಿಗೆ ಎಣ್ಣೆ ಕಲಸಿ ಸಮ ಮಾಡಿ, ಅದನ್ನು 'ಬ್ರೌನ್' ಅಂತ ಕರೆದು ಆಡುತ್ತಿದ್ದರು.

ಲಾನ್ ಮಾಡಿಸಿದವರಿಗೆ

ಜಮಖಂಡಿ, ಮುಧೋಳ ರಸ್ತೆಗಳ ಢಾಬಾ, ಮಂಗಲ ಕಾರ್ಯಾಲಯಗಳಲ್ಲಿ ಈಗ ಲಾನ್ ಇಲ್ಲದಿದ್ದರೆ ಗಿರಾಕಿ ಮೂಗು ಮುರಿಯುತ್ತಾರೆ. ಏಪ್ರಿಲ್ ಮದುವೆ ಹಂಗಾಮಿಗೆ ಹುಲ್ಲು ತರಿಸಿ ಹಾಸುತ್ತಾರೆ. ಎರಿ ಮಣ್ಣಿನ ಮೇಲೆ ನೇರ ಹಾಸಿ, ಸಂಜೆ ಪೈಪು ಬಿಟ್ಟು, ಮೇಲೆ ಶಾಮಿಯಾನ, ಅದರ ಮೇಲೆ ಸಾವಿರ ಮಂದಿ. ಮೇ ಮುಗಿಯುವಷ್ಟರಲ್ಲಿ ಕಲೆ ಕಲೆ.

ಐದು ಗುಂಟೆ ಲಾನಿಗೆ ದಿನಕ್ಕೆ 5 ಮಿ.ಮೀ. ಅಂದರೆ 2,500 ಲೀಟರ್. ಸಣ್ಣ ಟ್ಯಾಂಕರಿನ ಅರ್ಧ. ಇದಕ್ಕಿಂತ ಹೆಚ್ಚು ಬಿಟ್ಟರೆ ದುಡ್ಡು ಕೊಟ್ಟು ರೋಗ ತಂದಂತೆ. ಸ್ಪ್ರಿಂಕ್ಲರ್ ಕೆಳಗೆ ನಾಲ್ಕೈದು ಖಾಲಿ ಡಬ್ಬಿ ಇಟ್ಟು ಅರ್ಧ ತಾಸಿಗೆ ಎಷ್ಟು ಮಿ.ಮೀ. ತುಂಬಿತು ಅಂತ ಸ್ಕೇಲು ಹಿಡಿದು ನೋಡಿದರೆ ಲೆಕ್ಕ ಸಿಕ್ಕಿತು. ಹುಲ್ಲು ನೆಡುವ ಕಾಲ ಜೂನ್. ತಳಕ್ಕೆ ಮರಳು, ಒಂದು ಕಡೆ ಇಳಿಜಾರು. ಎತ್ತರ ಎರಡು ಇಂಚು ಇರಲಿ. ಇಲ್ಲಿ ಯಾರೂ ಚೆಂಡು ಉರುಳಿಸಬೇಕಿಲ್ಲ.

ಶಾಲೆ ಮೈದಾನಗಳಿಗೂ, ಸಂಸ್ಥಾನ ಕಾಲದ ಹೆಸರು ಉಳಿಸಿಕೊಂಡ ಜಮಖಂಡಿಯ ಪೋಲೋ ಮೈದಾನದಂಥ ಬಯಲಿಗೂ ಊರ ಕರಿಕಿಯೇ ಸಾಕು. ಬೇಸಿಗೆಯಲ್ಲಿ ಹಳದಿ ಆದರೆ ಆಗಲಿ. ಹುಡುಗರ ಕಾಲಿಗೆ ಧೂಳಿಗಿಂತ ಒಣ ಕರಿಕಿ ಮೇಲು.

ಕಬ್ಬೂ ಹುಲ್ಲೇ

ನಿಜವಾದ ನಷ್ಟ ಇರುವುದು ಲಾನಿನಲ್ಲಿ ಅಲ್ಲ, ಕಬ್ಬಿನಲ್ಲಿ. ಕಬ್ಬೂ ಹುಲ್ಲಿನ ಜಾತಿಯೇ. ಬೇರು ತಿನ್ನುವ ಗೊಣ್ಣೆ ಹುಳ ಎರಡಕ್ಕೂ ಒಂದೇ ವೈರಿ. ಮೊದಲ ಮಳೆಗೆ ಹೊರಬಿದ್ದು ಬೇವು, ಜಾಲಿ ಮರದ ಮೇಲೆ ಕೂಡುವ ದುಂಬಿಯನ್ನು ಆಗಲೇ ಹಿಡಿದು ಕೊಂದರೆ ಮುಂದಿನ ಖರ್ಚು ಉಳಿಯುತ್ತದೆ.

ನೀರಿನ ವಿಷಯದಲ್ಲಿ ಈ ಸೀಮೆಗೆ ಎರಡು ಕಷ್ಟ ಒಟ್ಟಿಗೆ. 2019ರ ಬೇಸಿಗೆಯಲ್ಲಿ ಕೃಷ್ಣಾ ನದಿ ಬತ್ತಿ, ಕೊಯ್ನಾದಿಂದ ನೀರು ಬಿಡಿಸಿರಿ ಅಂತ ನದಿ ದಂಡಿಯ ಮಂದಿ ಹೋರಾಟಕ್ಕೆ ಇಳಿದರು. ಅದಕ್ಕೆ ಬದಲಾಗಿ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಜತ್ತ ತಾಲೂಕಿಗೆ ನೀರು ಕೊಡುವ ಮಾತೂ ಎರಡು ರಾಜ್ಯಗಳ ನಡುವೆ ನಡೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ನದಿ ಊರೊಳಗೆ ಬಂತು. ಮೇನಲ್ಲಿ ಹನಿ ಇಲ್ಲ, ಆಗಸ್ಟ್‌ನಲ್ಲಿ ದಡ ಇಲ್ಲ. ನೀರು ಇದ್ದಾಗ ಸಿಕ್ಕಷ್ಟು ಬಿಟ್ಟುಬಿಡುವ ರೂಢಿ ಬೆಳೆದದ್ದು ಈ ಹೆದರಿಕೆಯಿಂದಲೇ.

ಹೊಲಕ್ಕೆ ಒಮ್ಮೆ ಹರಿಸಿ ಮೂರು ಇಂಚು ನೀರು ನಿಲ್ಲಿಸಿದರೆ ಎಕರೆಗೆ ಸುಮಾರು 3 ಲಕ್ಷ ಲೀಟರ್. ಐದು ಸಾವಿರ ಲೀಟರಿನ 60 ಟ್ಯಾಂಕರ್. ಎರಿ ಮಣ್ಣು ಅದನ್ನು ಬೇಗ ಬಸಿಯುವುದಿಲ್ಲ. ಕೆಳಗಿನ ಉಪ್ಪು ಕರಗಿ ಮೇಲೆ ಬಂದು, ನೀರು ಆರಿ ಉಪ್ಪು ಮಾತ್ರ ಉಳಿಯುತ್ತದೆ. ಹತ್ತಿಪ್ಪತ್ತು ವರ್ಷಕ್ಕೆ ಹೊಲ ಸವಳು, ಜವಳು. ಗಾಲ್ಫ್ ಮೈದಾನದವರೂ ಕೊಳಚೆ ಶುದ್ಧ ಮಾಡಿದ ನೀರು ಬಳಸುವಾಗ ಇದೇ ಉಪ್ಪಿನ ಜೊತೆ ಗುದ್ದಾಡುತ್ತಾರೆ. ಜಿಪ್ಸಂ ಹಾಕಿ, ಆಮೇಲೆ ನೀರು ಬಿಟ್ಟು ಉಪ್ಪನ್ನು ತಳದ ಪೈಪಿನಿಂದ ಹೊರಗೆ ಕಳಿಸುತ್ತಾರೆ. ಇಲ್ಲಿನ ಹೊಲಗಳಲ್ಲಿ ಬರೀ ಜಿಪ್ಸಂ ಬೀಳುತ್ತದೆ, ಹೊರಗೆ ಹೋಗುವ ದಾರಿ ಇರುವುದಿಲ್ಲ. ಬಾಗಿಲು ಹಾಕಿ ಕಸ ಗುಡಿಸಿದ ಹಾಗೆ.

ದಾರಿ ಇಲ್ಲವೆಂದಲ್ಲ. ಅಥಣಿ ಕಡೆಯ ಉಗಾರ ಬುದ್ರುಕ, ಗಡಿಯಾಚೆ ಶಿರೋಳ ಭಾಗದಲ್ಲಿ ನೆಲದೊಳಗೆ ತೂತಿನ ಪೈಪು ಹೂತು ಬಸಿಗಾಲುವೆ ಮಾಡಿ ಸವಳು ಭೂಮಿಯನ್ನು ಮತ್ತೆ ಕಬ್ಬಿಗೆ ತಂದಿದ್ದಾರೆ. ಗಾಲ್ಫ್ ಗ್ರೀನ್ ಕೆಳಗಿನ ಪೈಪಿಗೂ ಇದಕ್ಕೂ ತತ್ವ ಒಂದೇ.

ಗಾಲ್ಫ್ ಮೈದಾನದ್ದೆಲ್ಲ ಹೊಲಕ್ಕೆ ಒಗ್ಗುವುದಿಲ್ಲ ಅನ್ನುವುದೂ ನೆನಪಿರಲಿ. ಅಲ್ಲಿ ಒಣ ಹುಲ್ಲಿನ ಪದರು ದಪ್ಪ ಆದರೆ ರೋಗ, ತೆಗೆಯಬೇಕು. ಕಬ್ಬಿನಲ್ಲಿ ರವದಿಯನ್ನು ಸಾಲಿನಲ್ಲಿ ಹಾಸಿದರೆ ನೆಲದ ತಂಪು ಉಳಿಯುತ್ತದೆ, ಸುಡಬಾರದು. ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಕೊಡುವುದು, ಹನಿ ನೀರಾವರಿ, ಇವೇ ಇಲ್ಲಿನ ಅಳತೆ.

ಕರೆಂಟು, ಅಂಗಡಿ, ಹಳ್ಳ

ನಸುಕಿನಲ್ಲಿ ನೀರು ಕೊಡು ಅನ್ನುವುದು ಸುಲಭ. ಗಾಲ್ಫ್ ಮೈದಾನಕ್ಕೆ ತಾನೇ ತೆರೆದು ಮುಚ್ಚುವ ಸ್ಪ್ರಿಂಕ್ಲರ್ ಇದೆ. ರೈತನ ಪಂಪ್‌ಸೆಟ್ಟಿಗೆ ಇರುವುದು ಏಳು ತಾಸು ತ್ರೀ ಫೇಸ್, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದರೆ ಮೋಟರ್ ಹಚ್ಚಿ ಮಲಗುತ್ತಾನೆ, ಮುಂಜಾನೆ ನೋಡಿದರೆ ಹೊಲ ಕೆರೆ. ಹಗಲು ಕರೆಂಟಿನ ಬೇಡಿಕೆಯನ್ನು ಬರೀ ಹಾವು-ಚೇಳಿನ ಭಯ ಅಂತ ನೋಡಿದರೆ ಸಾಲದು. ಅದು ಭೂಮಿ ಉಳಿಸುವ ಬೇಡಿಕೆಯೂ ಹೌದು.

ಗೊಬ್ಬರ-ಔಷಧದ ಅಂಗಡಿಯವರ ಹೊಣೆಯೂ ಸಣ್ಣದಲ್ಲ. ಕೊಳೆ ಅಂದ ಕೂಡಲೇ ಕಾರ್ಬೆಂಡಾಜಿಮ್ ಕೊಡುವ ರೂಢಿ ಇದೆ. ಪಿಥಿಯಮ್ ಮೇಲೆ ಅದು ನಡೆಯುವುದಿಲ್ಲ. ಅದಕ್ಕೆ ಮೆಟಲಾಕ್ಸಿಲ್ ಜಾತಿಯ ಔಷಧ ಬೇಕು, ಅದನ್ನೂ ಪದೇ ಪದೇ ಹೊಡೆದರೆ ರೋಗ ಪಳಗಿಬಿಡುತ್ತದೆ. ಮೊದಲು 'ಹೊಲದಾಗ ನೀರ ನಿಂತೈತೇನು?' ಅಂತ ಕೇಳುವ ಅಂಗಡಿಕಾರ ಅವತ್ತು ಒಂದು ಬಾಟಲಿ ಕಡಿಮೆ ಮಾರಬಹುದು. ಆದರೆ ಸವಳು ಬಿದ್ದ ಹೊಲದ ರೈತ ಉದ್ದರಿ ತೀರಿಸುವುದಿಲ್ಲ. ಕಬ್ಬಿನ ಬಿಲ್ಲು ಕಡಿಮೆ ಆದ ವರ್ಷ ಕಿರಾಣಿ, ಬಟ್ಟೆ, ಬಂಗಾರ ಎಲ್ಲ ಅಂಗಡಿಯ ಗಲ್ಲೆಯೂ ಹಗುರ.

ಬಸಿಗಾಲುವೆ ಒಬ್ಬನ ಕೆಲಸವಲ್ಲ. ಒಬ್ಬನ ಹೊಲದಿಂದ ಬಸಿದ ನೀರು ಇನ್ನೊಬ್ಬನ ಹೊಲಕ್ಕೆ ನುಗ್ಗಿದರೆ ಜಗಳ ಕಟ್ಟಿಟ್ಟದ್ದು. ನೀರು ಕಡೆಗೆ ಸೇರಬೇಕಾದದ್ದು ಹಳ್ಳಕ್ಕೆ. ಆ ಹಳ್ಳದಲ್ಲಿ ಹೂಳು ತುಂಬಿ, ದಂಡಿ ಒತ್ತುವರಿ ಆಗಿದ್ದರೆ ಪೈಪು ಹೂತೂ ಪ್ರಯೋಜನವಿಲ್ಲ. ಹಾಗಾಗಿ ಗ್ರಾಮಸಭೆಯಲ್ಲಿ ಮೊದಲು ಕೇಳಬೇಕಾದದ್ದು ಹಳ್ಳದ ಅಳತೆ ಮತ್ತು ಹೂಳೆತ್ತುವ ಕೆಲಸ. ಅದು ಮಳೆಗಿಂತ ಮುಂಚೆ, ಹಳ್ಳ ಒಣಗಿರುವ ಈ ಬೇಸಿಗೆಯಲ್ಲೇ ಆಗಬೇಕು. ಜೂನ್ ಬಂದ ಮೇಲೆ ಜೆಸಿಬಿ ಒಳಗೆ ಇಳಿಯುವುದಿಲ್ಲ.